ಶುಕ್ರವಾರದೊಳಗೆ ವಾಪಸಾಗುವ ಊರು

ಬೂಸಾನಿನ ದೊಂಗ್ನೆ ಮಾರುಕಟ್ಟೆಯ ಹಿಂಬದಿಯ ಓಣಿಯಲ್ಲಿ ಜೊಂಗಿಮ್‌ಳ ಬಟ್ಟೆ ರಿಪೇರಿ ಅಂಗಡಿಯಿದೆ. ಅಂಗಡಿ ಎಂದರೆ ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗಿರಾಕಿಗಳು ಬಟ್ಟೆ ಬದಲಾಯಿಸಲು ಒಂದು ಪರದೆ. ಇಪ್ಪತ್ತು ವರ್ಷಗಳಿಂದ ಆಕೆ ಅಲ್ಲಿ ಕೂತು ಬೇರೆಯವರ ಪ್ಯಾಂಟಿನ ಕಾಲು ಗಿಡ್ಡ ಮಾಡಿದ್ದಾಳೆ, ಸೊಂಟ ಅಗಲ ಮಾಡಿದ್ದಾಳೆ. ಯಾರ ಮನೆಯಲ್ಲಿ ಯಾರು ದಪ್ಪಗಾದರು, ಯಾರು ಕಾಯಿಲೆ ಬಿದ್ದು ಇಳಿದುಹೋದರು ಎಂಬುದು ಅವಳ ಅಳತೆ ಟೇಪಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ಆಕೆ ಯಾರಲ್ಲೂ ಬಾಯಿಬಿಡುತ್ತಿರಲಿಲ್ಲ. ಹಾಗಾಗಿಯೇ ಓಣಿಯವರೆಲ್ಲ ಅವಳ ಹತ್ತಿರ ಬರುತ್ತಿದ್ದರು.

ಅವಳ ಗಂಡ ಡುಸಿಕ್ ನಗರದ ಬಸ್ ಓಡಿಸುತ್ತಿದ್ದ. ಇಪ್ಪತ್ತು ವರ್ಷ ಒಂದೂ ಅಪಘಾತವಿಲ್ಲದೆ ಓಡಿಸಿದ್ದಕ್ಕೆ ಕಂಪನಿ ಅವನಿಗೆ ಒಟ್ಟಿಗೆ ಐದು ದಿನಗಳ ರಜೆ ಕೊಟ್ಟಿತು. ಅಕ್ಟೋಬರ್ ಇಪ್ಪತ್ತೆರಡಕ್ಕೆ ಅವರ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತಿತ್ತು. ಜೊಂಗಿಮ್ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ತಾನೇ ಬೆರಳಿಟ್ಟು ಹೇಳಿದ್ದಳು, "ಸೋಮವಾರ ಇಪ್ಪತ್ತರಿಂದ ಶುಕ್ರವಾರ ಇಪ್ಪತ್ನಾಲ್ಕರವರೆಗೆ ಬರ್ಕೊಡಿ. ಮುಂದಿನ ಶನಿವಾರ, ಭಾನುವಾರ ಹೇಗೂ ಸಿಗುತ್ತೆ." ಡುಸಿಕ್ ಬರೆದುಕೊಟ್ಟ. ರಜೆ ಪಟ್ಟಿ ಡಿಪೋದ ಗೋಡೆಗೆ ಬಿತ್ತು. ಒಮ್ಮೆ ಗೋಡೆಗೆ ಬಿದ್ದ ಪಟ್ಟಿ ಬದಲಾಗುವುದಿಲ್ಲ. ಅದನ್ನು ನೋಡಿಕೊಂಡೇ ಉಳಿದ ಮೂವತ್ತು ಜನ ತಮ್ಮ ಮನೆಯ ಮದುವೆ, ಆಸ್ಪತ್ರೆ ಎಲ್ಲವನ್ನೂ ಹೊಂದಿಸಿಕೊಂಡಿರುತ್ತಾರೆ.

ಆ ಕ್ಯಾಲೆಂಡರಿನಲ್ಲಿ ಪ್ರತಿ ದಿನಕ್ಕೂ ದೊಡ್ಡ ಅಂಕಿಯ ಕೆಳಗೆ ಇರುವೆಯಷ್ಟು ಸಣ್ಣ ಅಂಕಿ ಇರುತ್ತದೆ. ದೊಡ್ಡದು ಶಾಲೆಗೆ, ಕೆಲಸಕ್ಕೆ. ಸಣ್ಣದು ಚಂದ್ರನ ಲೆಕ್ಕ, ಸತ್ತವರಿಗೆ. ಮನೆಯ ಹಿರಿಸೊಸೆಯಾದವಳು ಮೊದಲು ಸಣ್ಣ ಅಂಕಿ ನೋಡುತ್ತಾಳೆ. ಇಪ್ಪತ್ನಾಲ್ಕು ವರ್ಷ ಜೊಂಗಿಮ್ ಹಾಗೇ ನೋಡಿದ್ದಳು. ಆ ಒಂದು ದಿನ ಮಾತ್ರ ಖುಷಿಯಲ್ಲಿ ದೊಡ್ಡದನ್ನಷ್ಟೇ ನೋಡಿದ್ದಳು.

ಈಗ ಊರು ಆರಿಸುವುದೊಂದೇ ಬಾಕಿ ಎಂದು ಅವಳು ತಿಳಿದುಕೊಂಡಿದ್ದಳು.

ಪಕ್ಕದಲ್ಲಿ ಕೂದಲು ಕತ್ತರಿಸುವ ಅಂಗಡಿಯ ಮಾಲ್‌ಸುನ್ ಗಿರಾಕಿಯಿಲ್ಲದ ಹೊತ್ತಿನಲ್ಲಿ ಬಂದು ಇಸ್ತ್ರಿ ಮೇಜಿಗೆ ಒರಗಿ ನಿಲ್ಲುತ್ತಿದ್ದಳು.

"ಅಕ್ಕ, ದನಾಂಗ್‌ಗೆ ಮಾತ್ರ ಹೋಗ್ಬೇಡ. ಅಲ್ಲಿ ಕಡಲಲ್ಲಿ ಕಾಲಿಟ್ರೆ ನಮ್ಮ ಓಣಿಯವರ ಕಾಲೇ ತಾಗುತ್ತೆ. ನಾನು ಹೋದಾಗ ಈಜುಕೊಳದಲ್ಲಿ ಮೀನಿನಂಗಡಿಯವನು ಸಿಕ್ಕಿ, ಕೂದಲಿಗೆ ಬಣ್ಣ ಯಾವತ್ತು ಹಾಕ್ತೀಯ ಅಂತ ಕೇಳ್ದ."

"ಪ್ರಾಗ್ ಅಂತಾರಲ್ಲ?"

"ಅಲ್ಲಿಗೆ ಹೋಗಿ ಬಂದೋರೆಲ್ಲ ಒಂದೇ ಸೇತುವೆ ಮೇಲೆ ನಿಂತ ಫೋಟೋ ತೋರಿಸ್ತಾರೆ. ಗಂಡಂದಿರ ಮುಖ ನೋಡ್ಬೇಕು, ಬಸ್ ತಪ್ಪಿಸ್ಕೊಂಡವರ ಥರ ಇರುತ್ತೆ. ನಿನಗೆ ಯಾವುದಾದ್ರೂ ಮನಸಲ್ಲಿದ್ಯಾ? ಹೇಳು, ನಗಲ್ಲ."

ಜೊಂಗಿಮ್ ಫೋನ್ ತೆಗೆದು ಒಂದು ಚಿತ್ರ ತೋರಿಸಿದಳು. ಲಿಸ್ಬನ್. ಗುಡ್ಡದ ಓಣಿ. ಎರಡೂ ಬದಿಯ ಮನೆಗಳ ನಡುವೆ ಹಗ್ಗ ಕಟ್ಟಿ ಅಂಗಿ, ಚಾದರ, ಮಕ್ಕಳ ಕಾಲುಚೀಲ ಎಲ್ಲ ಒಣಹಾಕಿದ್ದರು. ಮಾಲ್‌ಸುನ್ ಮಾತು ಉಳಿಸಿಕೊಳ್ಳಲಿಲ್ಲ. ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಅಕ್ಕ! ದಿನಾ ಬಟ್ಟೆ ನೋಡಿ ಸಾಕಾಗ್ಲಿಲ್ವಾ? ಗಂಡನ ಜೊತೆ ಭೂಮಿ ಸುತ್ತಿ ಹೋಗಿ ಬೇರೆಯವರ ಒಳಚಡ್ಡಿ ನೋಡ್ತೀಯಾ?"

"ಇದನ್ನು ಯಾರೂ ನನ್ನ ಕೈಗೆ ಕೊಡಲ್ಲ ಅಲ್ವಾ," ಎಂದಳು ಜೊಂಗಿಮ್. "ನೋಡಿ ಮುಂದೆ ಹೋಗ್ಬಹುದು."

ಆದರೆ ಮನೆಯಲ್ಲಿ ಲಿಸ್ಬನ್ ಎಂದರೆ ಡುಸಿಕ್ ಕಿವಿಯೇ ಕೊಡುತ್ತಿರಲಿಲ್ಲ. ಫುಕುಓಕ, ಫುಕುಓಕ ಎನ್ನುತ್ತಿದ್ದ. ಬೂಸಾನಿನಿಂದ ರಾಜಧಾನಿ ಸಿಯೋಲ್‌ಗಿಂತ ಹತ್ತಿರ, ವಿಮಾನ ಹತ್ತಿ ನೀರು ಕುಡಿಯುವಷ್ಟರಲ್ಲಿ ಜಪಾನ್. ಬಿಸಿನೀರಿನ ಕೊಳ ಇದೆ, ನೂಡಲ್ ಇದೆ ಎನ್ನುತ್ತಿದ್ದ. ಮಾತು ಸರಿಯಾಗಿಯೇ ಇತ್ತು. ಆದರೆ ಹೇಳುವಾಗ ಅವನು ಹೆಂಡತಿಯ ಮುಖ ನೋಡುತ್ತಿರಲಿಲ್ಲ, ಸೂಪಿನ ಬಟ್ಟಲು ನೋಡುತ್ತಿದ್ದ. ಇಪ್ಪತ್ತು ವರ್ಷ ಜನರ ಅಳತೆ ತೆಗೆದವಳಿಗೆ ಇದು ಕಾಣದೆ ಹೋಗಲಿಲ್ಲ.

ಸೆಪ್ಟೆಂಬರಿನ ಒಂದು ಗುರುವಾರ ಊಟದ ಹೊತ್ತಿಗೆ ಅವನು ಹೇಳಿಬಿಟ್ಟ. "ಟಿಕೆಟ್ ಹಿಡಿದಿಟ್ಟಿದ್ದೀನಿ. ಸೋಮವಾರ ಸಂಜೆ ಆರರ ಒಳಗೆ ಖಾತ್ರಿ ಮಾಡ್ಬೇಕು. ಇಲ್ದಿದ್ರೆ ಹೋಗುತ್ತೆ."

ಮಗಳು ಬೋಮಿ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಅಪ್ಪನ ಫೋನ್ ಕಸಿದುಕೊಂಡು ನೋಡಿದಳು.

"ಅಪ್ಪಾ, ಹೋಗೋದು ಮಂಗಳವಾರ, ಅಲ್ಲಿಂದ ಹೊರಡೋದು ಶುಕ್ರವಾರ ಬೆಳಿಗ್ಗೆ ಹತ್ತೂವರೆಗಾ? ಭಾನುವಾರದ ತನಕ ರಜೆ ಇಟ್ಕೊಂಡು ಯಾರಾದ್ರೂ ಶುಕ್ರವಾರ ಬೆಳಿಗ್ಗೆ ವಾಪಸ್ ಬರ್ತಾರಾ?"

ಡುಸಿಕ್ ಸೂಪು ಕಲಕಿದ. ಜೊಂಗಿಮ್ ಎದ್ದು ಕ್ಯಾಲೆಂಡರ್ ಹತ್ತಿರ ಹೋದಳು. ಅಕ್ಟೋಬರ್ ಹಾಳೆ ಎತ್ತಿದಳು. ಇಪ್ಪತ್ನಾಲ್ಕರ ಕೆಳಗೆ ಸಣ್ಣ ಅಂಕಿಯಲ್ಲಿ ಒಂಬತ್ತನೇ ತಿಂಗಳು, ನಾಲ್ಕನೇ ದಿನ. ಮಾವನ ತಿಥಿ.

ಅವರ ಮದುವೆಯಾದ ಮರುವರ್ಷ ಮಾವ ತೀರಿಕೊಂಡಿದ್ದರು. ಅಂದಿನಿಂದ ತಿಥಿ ಮದುವೆಯ ದಿನದ ಸುತ್ತಮುತ್ತಲೇ ಓಡಾಡುತ್ತಿತ್ತು. ಕೆಲವು ವರ್ಷ ಮೊದಲು, ಕೆಲವು ವರ್ಷ ಆಮೇಲೆ. ಮದುವೆಯ ದಿನ ಎಂದರೆ ಅವಳಿಗೆ ಎಡೆಗೆ ಮೀನು ಆರಿಸಿ ತರುವ ದಿನ, ಹಿತ್ತಾಳೆ ಪಾತ್ರೆ ತಿಕ್ಕುವ ದಿನ, ಇಲ್ಲವೇ ತಿಥಿ ಮುಗಿದು ಕೂದಲಿಗೆ ಹತ್ತಿದ ಕರಿದ ಎಣ್ಣೆಯ ವಾಸನೆ ತೊಳೆಯುವ ದಿನ.

"ನಿಮಗೆ ಯಾವಾಗ ಗೊತ್ತಾಯ್ತು?" ಎಂದಳು.

"ಪಟ್ಟಿ ಗೋಡೆಗೆ ಬಿದ್ದ ಮಾರನೇ ದಿನ."

"ಹೇಳ್ಲಿಲ್ಲ."

"ನೀನು ಅಷ್ಟು ಖುಷಿಯಾಗಿದ್ದೆ, ಬೋಮಿ ಅಮ್ಮ. ಹೇಳಿ ಏನ್ ಮಾಡೋದು? ಹತ್ತಿರದ ಊರಾದ್ರೆ ಎರಡೂ ಆಗುತ್ತೆ ಅಂತ. ಹನ್ನೊಂದೂವರೆಗೆ ಇಳಿದ್ರೆ ಒಂದು ಗಂಟೆಗೆ ಅಮ್ಮನ ಮನೇಲಿರ್ತೀವಿ. ತಿಥಿ ಎಂಟು ಗಂಟೆಗೆ. ನಿನಗೆ ಅಡುಗೆಗೆ ಏಳು ಗಂಟೆ ಸಿಗುತ್ತೆ."

"ನೀವು ಊರು ಆರ್ಸಿದ್ದು ನನಗೋ, ಎಡೆ ಕರಿಯೋ ಕಾವಲಿಗೋ?"

ಬೋಮಿ ತನ್ನ ಬಟ್ಟಲು ಎತ್ತಿಕೊಂಡು ಮೆಲ್ಲಗೆ ಒಳಗೆ ಹೋದಳು. ಡುಸಿಕ್ ಸೂಪಿನ ಬಟ್ಟಲು ಪಕ್ಕಕ್ಕೆ ಸರಿಸಿದ. ಕೆಟ್ಟ ಮನುಷ್ಯನಲ್ಲ ಅವನು. ಎದುರಿಗೆ ಲಾರಿ ಬಂದರೆ ಬಸ್ಸನ್ನು ಬದಿಗೆ ಒತ್ತಿಕೊಂಡು, ಯಾರಿಗೂ ತಾಗದ ಹಾಗೆ ದಾಟಿಸುವವನು. ಮನೆಯಲ್ಲೂ ಹಾಗೆಯೇ ದಾಟಿಸಬಹುದು ಎಂದುಕೊಂಡಿದ್ದ.

ಶುಕ್ರವಾರ, ಶನಿವಾರ ಮನೆಯಲ್ಲಿ ಅನ್ನದ ಕುಕ್ಕರ್ ಆಯಿತೆಂದು ಕೂಗುವುದು, ತೊಳೆಯುವ ಯಂತ್ರ ಮುಗಿಯಿತೆಂದು ಹಾಡುವುದು ಮಾತ್ರ ಕೇಳುತ್ತಿತ್ತು. ಭಾನುವಾರ ಬೆಳಿಗ್ಗೆ ಜೊಂಗಿಮ್ ಯಾರಿಗೂ ಹೇಳದೆ ರೈಲು ಹತ್ತಿ ಗಿಜಾಂಗ್‌ಗೆ, ಅತ್ತೆಯ ಮನೆಗೆ ಹೋದಳು. ದಾರಿಯುದ್ದಕ್ಕೂ ಬೈಸಿಕೊಳ್ಳುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಳು. ಈ ಸಲ ಹಿಂದೆ ಸರಿದರೆ ಐವತ್ತನೇ ವರ್ಷಕ್ಕೂ ತಾನು ಕಾವಲಿಯ ಮುಂದೆಯೇ ಕೂತಿರುತ್ತೇನೆ ಎಂದು ಅವಳಿಗೆ ನಿಚ್ಚಳವಾಗಿ ಕಾಣುತ್ತಿತ್ತು.

ಎಂಬತ್ತು ಸಮೀಪಿಸಿದ ಅತ್ತೆ ಅಂಗಳದಲ್ಲಿ ಚಾಪೆ ಹಾಸಿಕೊಂಡು ಒಣಮೀನಿನ ತಲೆ ಮುರಿಯುತ್ತಿದ್ದರು. ಜೊಂಗಿಮ್ ಎದುರಿಗೆ ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು.

"ಅತ್ತೆ, ಈ ಸಲ ಮಾವನ ತಿಥಿ ಶುಕ್ರವಾರ ಬಂದಿದೆ."

"ನನ್ನ ಗಂಡನ ತಿಥಿ ನನಗೆ ನೀನು ಹೇಳ್ಬೇಕಾ?"

"ಆ ವಾರ ನಾವು ಹೊರದೇಶಕ್ಕೆ ಹೋಗೋಣ ಅಂತಿದ್ದೀವಿ. ಮದುವೆಯಾಗಿ ಇಪ್ಪತ್ತೈದು ವರ್ಷ ಆಯ್ತು."

ಮುದುಕಿಯ ಕೈ ನಿಲ್ಲಲಿಲ್ಲ. "ಯಾವ ಊರು?"

"ಲಿಸ್ಬನ್."

"ಎಷ್ಟು ಹೊತ್ತಿನ ದಾರಿ?"

"ಒಂದು ದಿನ ಪೂರ್ತಿ. ನಡುವೆ ವಿಮಾನ ಬದಲಾಯಿಸ್ಬೇಕು."

"ಹಾಗಾದ್ರೆ ಶುಕ್ರವಾರಕ್ಕೆ ಬರೋಕಾಗಲ್ಲ."

"ಆಗಲ್ಲ. ತಿಥಿ ಒಂದು ವಾರ ಮುಂಚೆ ಇಟ್ಕೊಂಡ್ರೆ ಹೇಗೆ ಅತ್ತೆ? ಈಗ ಎಷ್ಟೋ ಮನೇಲಿ..."

"ಸತ್ತವರಿಗೆ ನಿಮ್ಮ ಡಿಪೋದ ರಜೆ ಪಟ್ಟಿ ಓದೋಕೆ ಬರುತ್ತೇನು? ಅವತ್ತು ಬಂದು ಬಾಗಿಲಲ್ಲಿ ನಿಂತ್ರೆ, ಊಟ ಹೋದ ವಾರವೇ ಆಯ್ತು ಅಂತ ಚೀಟಿ ಅಂಟಿಸ್ಲಾ?"

ಜೊಂಗಿಮ್ ಇನ್ನೊಂದು ಮೀನಿನ ತಲೆ ಮುರಿದಳು. ಒಣಮೀನಿನ ಮುಳ್ಳು ಉಗುರಿನ ಸಂದಿಗೆ ಚುಚ್ಚಿತು. ಇನ್ನು ಬೈಗುಳ ಶುರುವಾಗುತ್ತದೆ ಎಂದು ಕಾದಳು.

"ನೀನು ಹೋಗು," ಎಂದರು ಅತ್ತೆ.

"ಏನಂದ್ರಿ?"

"ನೀನು ಹೋಗು ಅಂದೆ. ಎಡೆ ಅಡುಗೆ ಮಾರ್ಕೆಟ್ಟಲ್ಲಿ ಮಾಡಿ ಕೊಡ್ತಾರೆ. ಅನ್ನ, ಸಾರು ನಾನೇ ಇಡ್ತೀನಿ. ಕರಿಯೋದು ಯಾರಾದ್ರೂ ಕರೀತಾರೆ. ಸೊಸೆ ಇಲ್ದಿದ್ರೂ ತಿಥಿ ನಡೆಯುತ್ತೆ. ಹಿರಿಮಗ ಇಲ್ದೆ ನಡೆಯಲ್ಲ. ಎಡೆ ಮುಂದೆ ಮೊದಲ ಲೋಟದ ಮದ್ಯ ಅವನೇ ಸುರೀಬೇಕು. ಚಿಕ್ಕವನದ್ದು ಎರಡನೇ ಲೋಟ. ಡುಸಿಕ್‌ನ ಮಾತ್ರ ಬಿಡಲ್ಲ."

ಬೈದಿದ್ದರೆ ಜೊಂಗಿಮ್ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳಲಾಗಲಿಲ್ಲ.

"ಹಾಗಾದ್ರೆ ಇಷ್ಟು ವರ್ಷ ನಾನಿಲ್ದಿದ್ರೂ ನಡೀತಿತ್ತಾ?"

"ನೀನು ಕೇಳ್ಲೇ ಇಲ್ವಲ್ಲ."

"ಕೇಳಿದ್ರೆ ಹೋಗು ಅಂತಿದ್ರಾ?"

ಅತ್ತೆ ಮೊದಲ ಬಾರಿಗೆ ತಲೆಯೆತ್ತಿ ಸೊಸೆಯನ್ನು ನೋಡಿದರು. "ಇಲ್ಲ. ಚೆನ್ನಾಗಿ ಬೈತಿದ್ದೆ. ನನಗೂ ಯಾರೂ ಹೋಗು ಅಂದಿರ್ಲಿಲ್ಲ. ಈಗ ಬಯ್ಯೋಕೆ ಹಲ್ಲಿಲ್ಲ." ಆಮೇಲೆ ಒಂದು ಪೊಟ್ಟಣ ಒಣಮೀನು ಕಟ್ಟಿ ಅವಳ ಕೈಗಿಟ್ಟರು.

ವಾಪಸ್ ಬರುವ ರೈಲಿನಲ್ಲಿ ಅವಳು ಫೋನ್ ತೆಗೆದು ಲಿಸ್ಬನ್ನಿನ ಓಣಿಯನ್ನು ಬಹಳ ಹೊತ್ತು ನೋಡಿದಳು. ಈಗ ಅಡ್ಡಿಯಿರಲಿಲ್ಲ. ಒಬ್ಬಳೇ ಹೋಗಬಹುದಿತ್ತು. ಇಪ್ಪತ್ತೆರಡರ ಬೆಳಿಗ್ಗೆ ಆ ಹಗ್ಗಗಳ ಕೆಳಗೆ ಒಬ್ಬಳೇ ನಿಂತ ಹಾಗೆ ಊಹಿಸಿಕೊಂಡಳು. ಯಾರಿಗೆ ತೋರಿಸುವುದು, ಇಕೋ ನೋಡಿ ಎಂದು ಯಾರ ತೋಳು ಜಗ್ಗುವುದು ಎಂದು ಹೊಳೆಯಲಿಲ್ಲ. ಆ ಮಂಕು ಮನುಷ್ಯನ ಮೇಲೆ ಎಷ್ಟೇ ಸಿಟ್ಟಿದ್ದರೂ, ಅವನು ಬಸ್ಸಿನಲ್ಲಿಲ್ಲದ, ತಾನು ಒಲೆಯ ಮುಂದಿಲ್ಲದ ಒಂದು ದಿನ ಅವಳಿಗೆ ಬೇಕಿತ್ತು. ಆ ದಿನದಲ್ಲಿ ಅವನೂ ಇರಬೇಕಿತ್ತು. ಒಂದು ಕೈಗೆ ಸಿಕ್ಕರೆ ಇನ್ನೊಂದು ಜಾರುತ್ತಿತ್ತು. ಎರಡು ನಿಲ್ದಾಣ ಕಳೆದ ಮೇಲೆ ಅವಳು ಫೋನ್ ಚೀಲಕ್ಕೆ ಹಾಕಿದಳು.

ಸೋಮವಾರ ಸಂಜೆ ಐದೂಕಾಲಿಗೆ ಅಂಗಡಿ ಮುಚ್ಚಿ ಮನೆಗೆ ಬಂದಳು. ಡುಸಿಕ್ ಆಗಲೇ ಬಂದು, ಡಿಪೋದ ಅಂಗಿಯಲ್ಲೇ ಮೇಜಿನ ಮುಂದೆ ಕೂತಿದ್ದ. ಬೋಮಿ ಕಂಪ್ಯೂಟರ್ ತೆರೆದಿಟ್ಟಿದ್ದಳು.

"ಲಿಸ್ಬನ್ ಅಂದ್ರೆ ಲಿಸ್ಬನ್," ಎಂದ ಡುಸಿಕ್. ಅವನ ದನಿ ಒಣಗಿತ್ತು. "ಅಮ್ಮನಿಗೆ ನಾನೇ ಹೇಳ್ತೀನಿ. ಬೈದ್ರೆ ಬೈಲಿ."

ಅವನು ಹೇಳಲಾರ ಎಂದು ಅವಳಿಗೆ ಗೊತ್ತಿತ್ತು. ಹೇಳಿ ಬಂದರೂ ಅಲ್ಲಿ ಪ್ರತಿ ಓಣಿಯಲ್ಲೂ ಅವನ ಕಣ್ಣು ಗಡಿಯಾರದ ಮೇಲಿರುತ್ತದೆ, ಈಗ ಮನೆಯಲ್ಲಿ ಎಂಟು ಗಂಟೆ ಎಂದು ಎಣಿಸುತ್ತಿರುತ್ತಾನೆ ಎಂದೂ ಗೊತ್ತಿತ್ತು.

"ಬೇಡ," ಎಂದಳು. "ಬೋಮಿ, ಫುಕುಓಕನೇ ತೆಗಿ. ಹೋಗೋದಕ್ಕೆ ಇಬ್ಬರೂ ಮಂಗಳವಾರ. ಬರೋದಕ್ಕೆ ಅಪ್ಪ ಶುಕ್ರವಾರ ಬೆಳಿಗ್ಗೆ. ನನ್ನದು ಭಾನುವಾರ ಸಂಜೆಗೆ ಹಾಕು."

ಬೋಮಿಯ ಕೈ ಕೀಲಿಮಣೆಯ ಮೇಲೆ ನಿಂತಿತು. ಡುಸಿಕ್ ಅರ್ಧ ಎದ್ದ.

"ಏನು ತಮಾಷೇನಾ? ಇಪ್ಪತ್ತೈದನೇ ವರ್ಷಕ್ಕೆ ಹೋಗಿ ಬೇರೆ ಬೇರೆ ಬರೋದಾ? ಮನೇಲಿ ಎಲ್ಲರೂ ಹಿರಿಸೊಸೆ ಎಲ್ಲಿ ಅಂತ ಕೇಳಿದ್ರೆ?"

"ಜಪಾನಲ್ಲಿದ್ದಾಳೆ ಅನ್ನಿ."

"ಅಮ್ಮ?"

"ಸೊಸೆ ಇಲ್ದಿದ್ರೂ ನಡೆಯುತ್ತೆ ಅಂದಿದ್ದು ಅಮ್ಮನೇ. ನಿನ್ನೆ ಹೋಗಿ ಕೇಳ್ಕೊಂಡು ಬಂದೆ. ಮಗ ಇಲ್ದಿದ್ರೆ ಮಾತ್ರ ನಡೆಯಲ್ವಂತೆ. ಬುಧವಾರ ನಮ್ಮದು. ಶುಕ್ರವಾರ ನಿಮ್ಮದು. ಮಿಕ್ಕ ಎರಡು ದಿನ ನನ್ನದು."

"ಕರಿಯೋದು ಯಾರು?"

"ಏಳು ಗಂಟೆ ಸಿಗುತ್ತೆ ಅಂದ್ರಲ್ಲ."

ಬೋಮಿ ನಗು ತಡೆಯಲಾಗದೆ ಕೆಮ್ಮಿದಳು. ಡುಸಿಕ್ ನಗಲಿಲ್ಲ. ಗಡಿಯಾರ ಐದೂ ಐವತ್ತು ತೋರಿಸುತ್ತಿತ್ತು. ಅವನು ಕ್ಯಾಲೆಂಡರ್ ನೋಡಿದ, ಹೆಂಡತಿಯನ್ನು ನೋಡಿದ. ಈ ಸಲ ಬದಿಗೆ ಒತ್ತಿಕೊಳ್ಳಲು ಜಾಗವಿರಲಿಲ್ಲ. ಐದೂ ಐವತ್ತೈದಕ್ಕೆ ಮಗಳಿಗೆ ತಲೆಯಾಡಿಸಿದ.

ಅಕ್ಟೋಬರ್ ಇಪ್ಪತ್ತೆರಡರ ಬುಧವಾರ ಅವರು ಫುಕುಓಕದ ನದಿಯ ದಂಡೆಯಲ್ಲಿ ನಡೆದರು. ಏನು ಮಾತಾಡುವುದೆಂದು ತಿಳಿಯದೆ ಮೊದಲ ಒಂದು ಗಂಟೆ ಅಲ್ಲಿಯ ಬಸ್ಸುಗಳ ಬಗ್ಗೆಯೇ ಮಾತಾಡಿದರು. ಆಮೇಲೆ ಸರಿಹೋಯಿತು. ಗುರುವಾರ ಇಬ್ಬರೂ ಎದ್ದದ್ದು ಹತ್ತು ಗಂಟೆಗೆ.

ಶುಕ್ರವಾರ ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ಡುಸಿಕ್ ಕೈಚೀಲ ಹಿಡಿದು, ಮೊದಲ ದಿನ ಶಾಲೆಗೆ ಹೊರಟವನ ಹಾಗೆ ನಿಂತಿದ್ದ.

"ಮೀನು ಮೊದಲು ಹಿಟ್ಟಿಗಾ, ಮೊಟ್ಟೆಗಾ?"

"ಹಿಟ್ಟಿಗೆ. ಆಮೇಲೆ ಮೊಟ್ಟೆಗೆ."

"ಉರಿ?"

"ಸಣ್ಣಗೆ. ಅವಸರ ಮಾಡ್ಬೇಡಿ."

ತಪಾಸಣೆಯ ಬಾಗಿಲಿನವರೆಗೆ ಹೋಗಿ ಎರಡು ಸಲ ತಿರುಗಿ ನೋಡಿದ. ಜೊಂಗಿಮ್‌ಳ ಕಾಲು ತಾನಾಗಿಯೇ ಒಂದು ಹೆಜ್ಜೆ ಮುಂದೆ ಹೋಯಿತು. ವಿಮಾನಕ್ಕೆ ಇನ್ನೂ ಸಮಯವಿತ್ತು. ಕೇಳಿದರೆ ಒಂದು ಸೀಟು ಸಿಗದೆ ಇರುತ್ತಿರಲಿಲ್ಲ. ಅವಳು ಒಂದು ಕಂಬಕ್ಕೆ ಒರಗಿ, ಬಾಗಿಲು ಅವನನ್ನು ನುಂಗುವವರೆಗೆ ಅಲ್ಲೇ ನಿಂತಳು.

ಮಧ್ಯಾಹ್ನ ನಾಲ್ಕಕ್ಕೆ ಫೋನ್ ಬಂತು. ಅತ್ತೆ. ಹಿಂದಿನಿಂದ ಎಣ್ಣೆ ಸಿಡಿಯುವ ಸದ್ದು, ಬೋಮಿ "ಅಪ್ಪಾ, ತಿರುಗಿಸಿ, ತಿರುಗಿಸಿ!" ಎಂದು ಕೂಗುವುದು ಕೇಳುತ್ತಿತ್ತು.

"ನಿನ್ನ ಗಂಡ ಮೀನೆಲ್ಲ ಕರಕಲು ಮಾಡ್ದ," ಎಂದರು ಅತ್ತೆ.

ಜೊಂಗಿಮ್‌ಳ ಗಂಟಲಿನವರೆಗೂ ಒಂದು ಮಾತು ಬಂದಿತ್ತು, ಇಪ್ಪತ್ನಾಲ್ಕು ವರ್ಷಗಳಿಂದ ಬಾಯಿಪಾಠವಾಗಿದ್ದ ಮಾತು. ತಪ್ಪಾಯ್ತು ಅತ್ತೆ, ಈಗಲೇ ಬರ್ತೀನಿ. ಅವಳು ಗಂಟೆ ನೋಡಿದಳು.

"ಮಾರ್ಕೆಟ್ಟು ಆರರ ತನಕ ತೆರೆದಿರುತ್ತೆ ಅತ್ತೆ. ಇನ್ನೊಂದು ಮೀನು ತರೋಕೆ ಹೇಳಿ."

ಆ ಕಡೆಯಿಂದ ಫೋನಿನಿಂದ ಬಾಯಿ ಆಚೆ ತಿರುಗಿಸಿಕೊಂಡ ಮುದುಕಿಯ ದನಿ ಕೇಳಿತು. "ಡುಸಿಕ್, ಚಪ್ಪಲಿ ಹಾಕ್ಕೊ. ಮಾರ್ಕೆಟ್ಟಿಗೆ ಹೋಗು."