ಒಂದೇ ಕಾರಿನಲ್ಲಿ ಮುಷ್ಕರಕ್ಕೆ

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕಾರು. ಇಲ್ಲದಿದ್ದರೆ ನಾನು ಮುಷ್ಕರ ಹೂಡಿದ ಕಥೆಗೆ ಇಷ್ಟು ಮಜಾ ಬರುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಡೆಟ್ರಾಯ್ಟ್ ಹತ್ತಿರದ ಒಂದು ಕಾರ್ಖಾನೆಯಲ್ಲಿ ನಮ್ಮ ಯಜಮಾನರು ಇಂಜಿನಿಯರು. ಅದೇ ಕಾರ್ಖಾನೆಯಲ್ಲಿ ನಾನು ಕಾರಿನ ಸೀಟುಗಳಿಗೆ ಕವರ್ ಹೊಲಿಯುವವಳು. ಮೈಸೂರಿನಲ್ಲಿ ಬಿ.ಎಸ್ಸಿ. ಓದಿದವಳು ಹೊಲಿಗೆ ಮಷೀನಿನ ಮುಂದೆ ಕೂತದ್ದು ಅಲ್ಲಿನ ಕನ್ನಡದ ಮನೆಗಳಲ್ಲಿ ಯಾರಿಗೂ ಗಂಟಲಲ್ಲಿ ಇಳಿಯಲಿಲ್ಲ. ನನಗೋ ಖುಷಿಯೋ ಖುಷಿ. ಯೂನಿಯನ್ ಹೋರಾಡಿ ಕೊಡಿಸಿದ ಕೂಲಿಗೆ ಓವರ್‌ಟೈಮ್ ಸೇರಿದ ವಾರಗಳಲ್ಲಿ ನನ್ನ ಚೆಕ್ಕು ಇಂಜಿನಿಯರ್ ಸಾಹೇಬರ ಚೆಕ್ಕನ್ನು ಹಿಂದೆ ಹಾಕುತ್ತಿತ್ತು. ಅಂಥ ವಾರ ನಾನು ಹಾಡಿಕೊಂಡೇ ಒಗ್ಗರಣೆ ಹಾಕುತ್ತಿದ್ದೆ. ಅವರು ಇನ್ನೊಂದು ಸೌಟು ಸಾರು ಬಡಿಸಿಕೊಳ್ಳುತ್ತಿದ್ದರು.

ಒಂದು ಚಳಿಗಾಲ ಯೂನಿಯನ್ನಿನ ಒಪ್ಪಂದದ ಅವಧಿ ಮುಗಿಯಿತು. ಕೂಲಿ ಏರಿಸಿ ಎಂದು ಯೂನಿಯನ್ ಕೇಳಿತು. ಹೆಚ್ಚು ಕೇಳಿದರೆ ಹೊಲಿಗೆ ವಿಭಾಗವನ್ನೇ ಎತ್ತಿ, ಯೂನಿಯನ್ ಇಲ್ಲದ ದಕ್ಷಿಣದ ರಾಜ್ಯಕ್ಕೆ ಸಾಗಿಸುತ್ತೇವೆ ಎಂದಿತು ಕಂಪನಿ. ಗೆದ್ದರೆ ಕೂಲಿ ಜಾಸ್ತಿ, ಸೋತರೆ ಕೆಲಸವೇ ಇಲ್ಲ. ಸುಳ್ಳೇಕೆ ಹೇಳಲಿ, ಹೆದರಿಕೆಯಾಗಿತ್ತು. ನಾನೇ ದುಡಿದ ದುಡ್ಡಿನ ರುಚಿ ಹತ್ತಿತ್ತಲ್ಲ. ಆದರೂ ಮುಷ್ಕರಕ್ಕೆ ಒಪ್ಪಿಗೆಯೆಂದು ಕೈ ಎತ್ತುವಾಗ ಅದೇನು ಉತ್ಸಾಹವೋ, ಎರಡೂ ಕೈ ಎತ್ತಿಬಿಟ್ಟಿದ್ದೆ. ಪಕ್ಕದ ಮಷೀನಿನ ಹಿರಿಯಳು ಒಂದನ್ನು ಹಿಡಿದು ಕೆಳಗಿಳಿಸಿದಳು.

ಕಂಪನಿಯೇನು ಕೈಕಟ್ಟಿ ಕೂರಲಿಲ್ಲ. ಯೂನಿಯನ್ನಿಗೆ ಸೇರದ ಇಂಜಿನಿಯರುಗಳೇ ಹೊಲಿಯಬೇಕೆಂದಿತು. ಸೀಟುಗಳು ಹೊರಬೀಳುತ್ತಿದ್ದರೆ ಮುಷ್ಕರ ತಾನಾಗಿ ಮುರಿಯುತ್ತದೆ ಎಂಬ ಎಣಿಕೆ. ಕೈಲಾಗದವರನ್ನು ಸಂಬಳ ಏರಿಸುವಾಗ ನೆನಪಿಟ್ಟುಕೊಳ್ಳುತ್ತೇನೆ ಎಂದು ಮ್ಯಾನೇಜರು ಗದರಿಸಿಯೂ ಇದ್ದ. ನಮ್ಮವರ ಪಾಲಿಗೆ ಬಂದದ್ದು ನನ್ನದೇ ಮಷೀನು.

ಮೊದಲ ದಿನ ನನ್ನನ್ನು ಮುಷ್ಕರಕ್ಕೆ ಕಾರಿನಲ್ಲಿ ಕರೆದುಕೊಂಡು ಹೋದವರು ಅವರೇ. ಬಸ್ಸಿಲ್ಲದ ಊರಿನಲ್ಲಿ ಇನ್ನೇನು ದಾರಿ? ಗೇಟಿನ ಹತ್ತಿರ ಇಳಿದೆ, ಚಿತ್ರಾನ್ನದ ಡಬ್ಬಿಯನ್ನು ಅವರ ಕೈಗಿಟ್ಟೆ, ಫಲಕ ಎತ್ತಿಕೊಂಡು ಅದೇ ಕಾರಿಗೆ ಅಡ್ಡ ನಿಂತೆ. ಒಳಗೆ ಹೋಗಬೇಡಿ ಎಂದು ಎಲ್ಲರ ಜೊತೆ ಕೂಗಿದೆ. ಮದುವೆಯಾದಂದಿನಿಂದ ಅವರ ಮೇಲೆ ಅಷ್ಟು ಗಟ್ಟಿಯಾಗಿ ಕೂಗಿರಲಿಲ್ಲ. ಎಷ್ಟು ಹಾಯೆನಿಸಿತೆಂದರೆ, ಎಲ್ಲರೂ ನಿಲ್ಲಿಸಿದ ಮೇಲೂ ನಾನೊಬ್ಬಳೇ ಇನ್ನೊಮ್ಮೆ ಕೂಗಿದೆ.

ಅವರು ಕಿಟಕಿಯ ಗಾಜು ಇಳಿಸಿ, "ಸಂಜೆ ಎಷ್ಟೊತ್ತಿಗೆ ಪಿಕಪ್ ಮಾಡ್ಲಿ?" ಎಂದರು.

ಜೊತೆಯವರಿಗೆ ಅದರ ಅರ್ಥ ಹೇಳಿದಾಗ ನಕ್ಕೂ ನಕ್ಕೂ ಹಿರಿಯಳ ಕೈಯಿಂದ ಫಲಕವೇ ಹಿಮಕ್ಕೆ ಬಿತ್ತು.

ಸಂಜೆ ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಬಂದರು. ಊಟಕ್ಕೆ ಕೂತವರು ಮೆಲ್ಲಗೆ, "ಕೆಳಗಿನ ದಾರ ಸಿಕ್ಕಿಕೊಳ್ತಾನೇ ಇರತ್ತೆ ಕಣೇ. ಏನ್ ಮಾಡ್ಬೇಕು?" ಎಂದು ಕೇಳಿದರು.

ಆ ದಾರ ಸುತ್ತಿದ ಬಾಬಿನ್ನನ್ನು ತಿರುವುಮುರುವು ಹಾಕಿದ್ದಾರೆಂದು ನನಗೆ ತಕ್ಷಣ ಹೊಳೆಯಿತು. ಹೇಳಿದರೆ ನನ್ನ ಮುಷ್ಕರವನ್ನು ನಾನೇ ಮುರಿದಂತೆ. ಹೇಳದಿದ್ದರೆ ಮ್ಯಾನೇಜರು ಇವರನ್ನು ನೆನಪಿಟ್ಟುಕೊಳ್ಳುತ್ತಾನೆ.

"ಹಪ್ಪಳ ಹಾಕ್ಲಾ?" ಎಂದೆ.

ಅವರು ಹಪ್ಪಳ ಹಾಕಿಸಿಕೊಂಡರು. ಮತ್ತೆಂದೂ ಕೇಳಲಿಲ್ಲ.

ಆ ಶನಿವಾರ ಟ್ರಾಯ್ ಎಂಬ ಪಕ್ಕದ ಊರಿನಲ್ಲಿ ಸ್ನೇಹಿತರ ಮನೆಯ ಊಟಕ್ಕೆ ಹೋದಾಗ ಧಾರವಾಡದ ಡಾಕ್ಟರೊಬ್ಬರು ಎಲ್ಲರೆದುರು ನಮ್ಮನ್ನು ಹಿಡಿದುಕೊಂಡರು. "ಗಂಡ ಗೇಟಿನ ಒಳಗ, ಹೆಂಡತಿ ಹೊರಗ. ನಾವು ಯಾರ ಕಡಿ ನಿಂದ್ರಬೇಕ್ರಿ?" ನಮ್ಮವರು, ಅಡುಗೆ ಮಾಡುವವರ ಕಡೆ ನಿಂತರೆ ಕ್ಷೇಮ ಎಂದರು.

ಕೊನೆಗೆ ಕಂಪನಿಯೇ ಮಣಿಯಿತು. ಇಂಜಿನಿಯರುಗಳು ಹೊಲಿದ ಸೀಟುಗಳ ಮೇಲೆ ಕೂರುವುದಿರಲಿ, ನೋಡುವುದೇ ಕಷ್ಟವಾಗಿತ್ತು. ಕೂಲಿ ಏರಿತು, ಹೊಲಿಗೆ ವಿಭಾಗ ಅಲ್ಲೇ ಉಳಿಯಿತು. ಮಷೀನಿಗೆ ಹಿಂದಿರುಗಿದರೆ, ಪಕ್ಕದಲ್ಲಿ ಒಳಗಿನದನ್ನು ಹೊರಗೆ ಮಾಡಿ ಹೊಲಿದ ಕವರುಗಳ ಗುಡ್ಡೆ. ನನ್ನ ಗಂಡ ಹೊಲಿದದ್ದನ್ನು ನಾನು ಬಿಚ್ಚಿದೆ, ಅದೂ ಓವರ್‌ಟೈಮ್ ಕೂಲಿಗೆ. ನಗು ತಡೆಯಲಾಗದೆ ದಾರವೆಲ್ಲ ಗೋಜಲಾಯಿತು.

ನಮಗೆ ಏರಿಸಿದ ಮೇಲೆ ತಿಂಗಳ ಸಂಬಳದ ಇಂಜಿನಿಯರುಗಳಿಗೂ ಏರಿಸಲೇಬೇಕಾಯಿತು. ನಮ್ಮ ಯಜಮಾನರಿಗೆ ಮಾತ್ರ ಏರಲಿಲ್ಲ. ಹೊಲಿಗೆ ಬರದ ಇಂಜಿನಿಯರಿಗೆ ಇದೆಂಥ ಶಿಕ್ಷೆ ಎಂದು ನಾನು ಮನೆಯಲ್ಲಿ ಹಾರಾಡಿದೆ. ಹೋಗಲಿ ಬಿಡು ಎಂದು ಅವರು ಪೇಪರ್ ತೆರೆದರು.

ಮುಂದಿನ ದೀಪಾವಳಿಗೆ, ಶಾಲೆಗೆ ಹೋಗುವ ನಮ್ಮ ಮಗಳ ಲಂಗವನ್ನು ಮನೆಯ ಮಷೀನಿನಲ್ಲಿ ಅರ್ಧ ಹೊಲಿದಿದ್ದಾಗ ನನಗೆ ಜ್ವರ ಬಂತು. ಮಲಗಿದ್ದವಳಿಗೆ ಮಷೀನಿನ ಸದ್ದು ಕೇಳಿಸಿತು. ಎದ್ದು ಬಂದು ನೋಡಿದರೆ ನಮ್ಮವರು ಕೂತು ಜರಿಯ ಅಂಚು ಹೊಲಿಯುತ್ತಿದ್ದಾರೆ. ಹೊಲಿಗೆ ಗೆರೆ ಎಳೆದಷ್ಟು ನೇರ. ದಾರ ಮುಗಿಯಿತು, ಬಾಬಿನ್ ತೆಗೆದು, ಸುತ್ತಿ, ಕಣ್ಣು ಹಾಯಿಸದೆಯೇ ಮತ್ತೆ ಕೂರಿಸಿದರು. ನಮ್ಮತ್ತೆ ಮೈಸೂರಿನಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದದ್ದು ನನಗೆ ಗೊತ್ತಿತ್ತು. ಮಗನಿಗೂ ಕಲಿಸಿದ್ದಾರೆಂದು ಯಾರೂ ಹೇಳಿರಲಿಲ್ಲ.

"ರೀ, ಹಾಗಾದ್ರೆ ಆವಾಗ?" ಎಂದೆ.

ಅವರು ತಲೆಯೆತ್ತಲಿಲ್ಲ. "ನನಗೆ ಯೂನಿಯನ್ ಇರ್ಲಿಲ್ವಲ್ಲ ಕಣೇ. ನನ್ನ ಕೈಲಾದಷ್ಟು ಸ್ಟ್ರೈಕ್ ನಾನೂ ಮಾಡ್ದೆ."

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅವರ ಪಕ್ಕದಲ್ಲಿ ಕೂತು, ಲಂಗದ ಉಳಿದ ಅಂಚನ್ನು ಮಡಿಸಿ ಮಡಿಸಿ ಅವರ ಕೈಗೆ ಕೊಡುತ್ತಾ ಹೋದೆ.