ಒಂದು ಚಮಚ ಹೆಪ್ಪು

ನನ್ನ ತಂಗಿಯ ಅಂಗಡಿ ಫೋನಿನೊಳಗೆ ಇದೆ. ಬೆರಳಿಟ್ಟರೆ ತೆರೆದುಕೊಳ್ಳುತ್ತದೆ. ತೆರೆದ ಕೂಡಲೇ ಕಾಣುವುದು ನಮ್ಮ ಅವ್ವನ ಫೋಟೊ. ಅವ್ವ ಒರಳಿನ ಮುಂದೆ ಕೂತು ನೆನೆಸಿದ ಶೇಂಗಾ ರುಬ್ಬುತ್ತಿದ್ದಾಳೆ. ಆ ಫೋಟೊ ತೆಗೆದ ದಿನ ನಾನೂ ಅವ್ವನ ಪಕ್ಕದಲ್ಲಿ ಕೂತು ಒರಳಿಗೆ ಕಾಳು ತಳ್ಳುತ್ತಿದ್ದೆ. ತಂಗಿ ಆಗ ಮನೆಯಲ್ಲೇ ಇರಲಿಲ್ಲ, ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಈಗ ಫೋಟೊದಲ್ಲಿ ನನ್ನ ಮುಖವಿಲ್ಲ. ಅಂಚಿನಲ್ಲಿ ಹಸಿರು ಬಳೆ ತೊಟ್ಟ ಒಂದು ಕೈ ಮಾತ್ರ ಉಳಿದಿದೆ.

ಕೇಳಿದ್ದಕ್ಕೆ, "ಚೌಕದೊಳಗೆ ಕೂರ್ಲಿಲ್ಲ ಅಕ್ಕಾ, ಅದಕ್ಕೇ ಆ್ಯಪ್ ಮಾಡೋರು ಕಟ್ ಮಾಡಿದ್ರು," ಎಂದಳು.

ಕೂರಲಿಲ್ಲವಂತೆ. ಏಳನೇ ಇಯತ್ತೆಗೇ ಶಾಲೆ ಬಿಡಿಸಿ ಆ ಅಡುಗೆಮನೆಯಲ್ಲಿ ಕೂರಿಸಿದ್ದು ನನ್ನನ್ನು.

ಹಾಲು, ಮೊಸರು, ಬೆಣ್ಣೆ, ತುಪ್ಪ, ಕೊನೆಗೆ ಜೇನುತುಪ್ಪವನ್ನೂ ಮುಟ್ಟದ ಜನ ಈಗ ಊರೂರಿಗೆ ಇದ್ದಾರೆ. ವೀಗನ್ ಎನ್ನುತ್ತಾರೆ. ಕೆಲವರು ದನಕರುವಿನ ಮೇಲಿನ ಕನಿಕರಕ್ಕೆ ಬಿಟ್ಟವರು, ಕೆಲವರು ಡಾಕ್ಟರು ಹೇಳಿದ್ದಕ್ಕೆ ಬಿಟ್ಟವರು. ಅಂಥವರ ಮನೆಗೆ ದಿನಸಿ ಕಳಿಸುವ ಆ್ಯಪ್ ತಂಗಿಯದು. ಮೊಳಕಾಲ್ಮೂರಿನ ಅವಳ ಗಂಡನ ಮನೆಯ ಹಿತ್ತಲಲ್ಲಿ ಶೀಟು ಹೊದಿಸಿದ ಒಂದು ಕೋಣೆ, ಎರಡು ಫ್ರಿಜ್ಜು, ಒಂದು ದೊಡ್ಡ ಗ್ರೈಂಡರು. ಶೇಂಗಾ ಹಾಲು, ಶೇಂಗಾ ಮೊಸರು, ಗಾಣದ ಎಣ್ಣೆ, ನವಣೆ, ಚಟ್ನಿಪುಡಿ. ಬಸ್ಸಿಗೆ ಹಾಕಿ ಬಳ್ಳಾರಿಗೆ, ಚಿತ್ರದುರ್ಗಕ್ಕೆ ಕಳಿಸುತ್ತಾಳೆ.

ಇದೆಲ್ಲ ಅವಳಿಗೆ ಸಿಕ್ಕಿದ್ದು ನಮ್ಮ ತವರಿನ ಮೀಸಲಿನಿಂದ. ನಮ್ಮಲ್ಲಿ ಹಸು ಈದರೆ ಅದರ ಹಾಲು ಮೊದಲು ದೇವರಿಗೆ. ಬೆಣ್ಣೆ ಕೂಡಿಟ್ಟು, ತುಪ್ಪ ಕಾಸಿ, ಮನೆದೇವರಿಗೆ ದೀಪ ಹಚ್ಚಿ ಮೀಸಲು ಮುರಿಯುವ ತನಕ ಮನೆಯವರು ಆ ಹಾಲು ಮುಟ್ಟುವಂತಿಲ್ಲ. ನಮ್ಮವ್ವ ಇನ್ನೂ ಬಿಗಿ. ಆ ದಿನಗಳಲ್ಲಿ ಯಾವ ಹಸುವಿನ ಹಾಲೂ, ಯಾರ ಮನೆಯ ಮಜ್ಜಿಗೆಯೂ ಹೊಸ್ತಿಲು ದಾಟಬಾರದು. ಚಹಾಕ್ಕೆ ಶೇಂಗಾ ಹಾಲು, ಮುದ್ದೆಯ ಮೇಲೆ ಶೇಂಗಾ ಮಜ್ಜಿಗೆ. ಎರಡು ವರ್ಷದ ಹಿಂದೆ ತಂಗಿ ಫೋನು ಮಾಡಿ ಹಾಲು ತೆಗೆಯುವುದು ಹೇಗೆಂದು ಕೇಳಿದಳು. ಎಷ್ಟು ಹೊತ್ತು ನೆನೆಸಬೇಕು, ಯಾವ ಬಟ್ಟೆಯಲ್ಲಿ ಹಿಂಡಬೇಕು, ಹಸಿ ವಾಸನೆ ಹೋಗಲು ಎಷ್ಟು ಕುದಿಸಬೇಕು, ಎಲ್ಲ ಹೇಳಿದೆ. ಮೊಸರಿನ ವಿಷಯ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನು ದೇವರನ್ನು ನಂಬಿ ಬದುಕಿದವಳು. ನಲ್ಲಿಯಲ್ಲಿ ನೀರು ಬಂದರೆ ಕೈಮುಗಿಯುತ್ತೇನೆ. ಎಣ್ಣೆ ಮಿಲ್ಲಿನಲ್ಲಿ ತೂಕಕ್ಕೆ ನಿಲ್ಲುವ ನನ್ನ ಗಂಡನ ಕೆಮ್ಮು ಒಂದು ದಿನ ಕಡಿಮೆಯಾದರೂ ಕೈಮುಗಿಯುತ್ತೇನೆ. ತಂಗಿಯ ಅಂಗಡಿ ಚೆನ್ನಾಗಿ ನಡೆಯುತ್ತಿದೆ ಎಂದು ಕೈಮುಗಿಯಲು ಹೋದರೆ ಮಾತ್ರ ಎರಡು ಕೈ ಕೂಡುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅವಳ ಫೋನು ಬಂತು.

"ಅಕ್ಕಾ, ಬೆಂಗಳೂರಿಂದ ಇಬ್ರು ಬರ್ತಾರೆ. ನಮ್ಮ ಅಂಗಡೀಗೆ ದುಡ್ಡು ಹಾಕೋರು. ಬೇರೆ ಯಾರತ್ರನೂ ಇಲ್ದಿರೋದು ನಮ್ಮ ಹತ್ರ ಏನೈತೆ ಅಂತ ನೋಡ್ತಾರಂತೆ. ಅವ್ರು ಒಪ್ಲಿಲ್ಲ ಅಂದ್ರೆ ಈ ಮಳೆಗಾಲಕ್ಕೇ ಮುಚ್ಚೋದು. ಒಂದಿನ ಮುಂಚೆ ಬಾ, ಕೈ ಜೋಡ್ಸು."

ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಕೇಳಿಸಿಕೊಂಡು ನಕ್ಕರು. "ಹೋಗು ಹೋಗು. ಅವಳು ಓನರ್ರು, ನೀನು ಪಾತ್ರೆ ತೊಳೆಯೋಳು."

ಹೋದೆ. ಚಳ್ಳಕೆರೆ ಸ್ಟ್ಯಾಂಡಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಅದೂ ಬಿಸಿಲು ಬೀಳದ ಕಡೆ. ದೇವರ ಕೃಪೆ. ಆದರೆ ಬಸ್ಸು ತಳಕು ಊರನ್ನು ದಾಟುವ ತನಕ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಮುಚ್ಚಿದರೆ ಮುಚ್ಚಲಿ. ಅವಳೂ ನನ್ನಂತೆ ಮಧ್ಯಾಹ್ನ ಟಿವಿ ಮುಂದೆ ಕೂತು ಸೊಪ್ಪು ಬಿಡಿಸಲಿ.

ಹೋಗುವಷ್ಟರಲ್ಲಿ ತಂಗಿ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದಳು. ಮೇಲೆ 'ನಮ್ಮ ಹತ್ತಿರ ಮಾತ್ರ ಇರುವುದು' ಎಂದು ಬರೆದಿತ್ತು. ನನಗೊಂದು ಕುರ್ಚಿ ಹಾಕಿ ಕೂರಿಸಿದಳು.

"ನಾನು ಓದ್ತೀನಿ. ನೀನು ಅವ್ರ ಥರ ಅಡ್ಡಪ್ರಶ್ನೆ ಹಾಕು. ಗಾಣದ ಎಣ್ಣೆ."

"ಚಳ್ಳಕೆರೆಯೋಳ ಮುಂದೆ ಎಣ್ಣೆ ಮಾತಾಡ್ತೀಯಾ? ನಮ್ಮ ಬೀದೀಲೇ ಎರಡು ಗಾಣ ಅವೆ."

"ರೈತರ ಹತ್ರನೇ ಕೊಳ್ತೀವಿ. ಪರಶುರಾಂಪುರದ ಕಡೆ ಶೇಂಗಾ."

"ನಾಳೆ ಒಬ್ಬ ಜಾಸ್ತಿ ಕೊಡ್ತೀನಿ ಅಂದ್ರೆ ಅವ್ನಿಗೆ ಹಾಕ್ತಾರೆ. ನಿನ್ ಮುಖ ನೋಡಿ ಬಿತ್ತಿದ್ದಾರಾ?"

"ಕನ್ನಡ, ತೆಲುಗು ಎರಡ್ರಲ್ಲೂ ಬಾಯಲ್ಲಿ ಹೇಳಿದ್ರೆ ಸಾಕು, ಆ್ಯಪ್ ಆರ್ಡರ್ ತಗೊಳ್ತೈತೆ."

"ದೊಡ್ಡೋರು ಬಂದ್ರೆ ಹತ್ತು ಭಾಷೇಲಿ ಮಾಡ್ತಾರೆ."

"ಬೆಳಿಗ್ಗೆ ಬಸ್ಸಿಗೆ ಹಾಕಿದ್ರೆ ಮಧ್ಯಾಹ್ನಕ್ಕೆ ಬಳ್ಳಾರೀಲಿ ಇರ್ತೈತೆ."

"ಬಸ್ಸು ಕೈ ತೋರ್ಸಿದೋರಿಗೆಲ್ಲ ನಿಲ್ತೈತೆ ಕಣೇ."

ಅವಳು ಒಂದೊಂದೇ ಸಾಲಿಗೆ ಪೆನ್ನಿನಿಂದ ಗೆರೆ ಹೊಡೆಯುತ್ತ ಹೋದಳು. ಮುಖ ಇಳಿಯುತ್ತ ಹೋಯಿತು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಗೆರೆ ಬಿದ್ದಾಗಲೆಲ್ಲ ನನಗೆ ಹಬ್ಬದ ಹೋಳಿಗೆ ತಿಂದಷ್ಟು ಖುಷಿಯಾಗುತ್ತಿತ್ತು ಎನ್ನುವುದೂ ಸುಳ್ಳಲ್ಲ.

"ನೀನು ಅಕ್ಕನಾ, ಹಗೆನಾ?" ಎಂದು ನಕ್ಕು, ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಇದಕ್ಕೆ ಮಾತ್ರ ನೀನು ಗೆರೆ ಹೊಡ್ಸೋಕಾಗಲ್ಲ. ಶೇಂಗಾ ಮೊಸರು. ಬೇರೆಯೋರು ಅದೇನೋ ಅಂಟಿನ ಪುಡಿ ಹಾಕಿ ಗಟ್ಟಿ ಮಾಡ್ತಾರೆ. ನಮ್ದು ತಾನಾಗೇ ಹೆಪ್ಪಾಗ್ತೈತೆ. ಬಳ್ಳಾರಿಯೋರು ಇದಕ್ಕೇ ಸಾಯ್ತಾರೆ."

ಅದು ನಿಜವೇ. ರುಚಿ ನೋಡಿದ್ದೆ, ಅವ್ವನದಕ್ಕಿಂತ ಗಟ್ಟಿಯಾಗಿತ್ತು. ಅದನ್ನೂ ಸಹಿಸಲಾಗುತ್ತಿರಲಿಲ್ಲ.

ಸಂಜೆ ಮರುದಿನಕ್ಕೆಂದು ಶೇಂಗಾ ಹಾಲು ಕಾಸಿ ಆರಿಸಿದಳು. ಬೆರಳದ್ದಿ ಬಿಸಿ ನೋಡಿದಳು. ಆಮೇಲೆ ಮನೆಯೊಳಗೆ ಹೋಗಿ, ಅವಳ ಅತ್ತೆಯ ಮೊಸರಿನ ಗಡಿಗೆಯಿಂದ ಒಂದು ಚಮಚ ತಂದು, ಹಾಲಿಗೆ ಹಾಕಿ ತಿರುವಿದಳು. ಎಮ್ಮೆ ಹಾಲಿನ ಮೊಸರು.

ಹಾಲು ಮುಟ್ಟದವರಿಗೆಂದು ಮಾಡುವ ಮೊಸರಿಗೆ! ಅವಳು ಮೋಸ ಮಾಡುತ್ತಿರಲಿಲ್ಲ. ನನ್ನ ಕಣ್ಣೆದುರಿಗೇ, ಹಾಡು ಗುನುಗುತ್ತ ಹಾಕಿದಳು. ನಮ್ಮ ಕಡೆ ಹೆಪ್ಪನ್ನು ಯಾರೂ ಮೊಸರೆಂದು ಎಣಿಸುವುದಿಲ್ಲ. ಪಕ್ಕದ ಮನೆಯವರು ಬಟ್ಟಲು ಹಿಡಿದು ಬಂದರೆ ಕೊಡುವುದು, ಬೇಕಾದಾಗ ಇಸಿದುಕೊಳ್ಳುವುದು. ಒಲೆಗೆ ಕೆಂಡ ಇದ್ದ ಹಾಗೆ ಹಾಲಿಗೆ ಹೆಪ್ಪು. ಆದರೆ ಅವ್ವ ಎಣಿಸುತ್ತಿದ್ದಳು. ಮೀಸಲಿನ ದಿನ ಹೆಪ್ಪಿನ ಕುಡಿಕೆಯನ್ನೇ ಬೇರೆ ಮನೆಯಲ್ಲಿ ಇರಿಸಿ ಬರುತ್ತಿದ್ದಳು. ಹಸಿಮೆಣಸಿನಕಾಯಿಯ ತೊಟ್ಟು ಮುರಿದು, ತೊಳೆದು, ಉಗುರುಬೆಚ್ಚಗಿನ ಶೇಂಗಾ ಹಾಲಿಗೆ ಹಾಕಿ ಮುಚ್ಚಿಡುತ್ತಿದ್ದಳು. ತೆಳುವಾದರೂ ಮೊಸರಾಗುತ್ತಿತ್ತು. ಹಾಸ್ಟೆಲಿನಲ್ಲಿದ್ದ ತಂಗಿ ಅದನ್ನು ನೋಡಿಯೇ ಇರಲಿಲ್ಲ.

'ಅದನ್ನ ಹಾಕಬ್ಯಾಡ ಕಣೇ' ಎಂಬ ಮಾತು ನಾಲಿಗೆಯ ತನಕ ಬಂತು. ನುಂಗಿದೆ.

ಅವಳ ದೇವರ ಗೂಡಿನ ಮುಂದೆ ದೀಪ ಹಚ್ಚಲು ನನಗೇ ಹೇಳಿದಳು. ಹಚ್ಚಿದೆ. ತಂಗಿಯನ್ನು ಬೀಳಿಸು ಎಂದು ನಾನು ಬೇಡಲಿಲ್ಲ, ಅಷ್ಟು ಕೆಟ್ಟವಳಲ್ಲ. ಆದರೆ ಅವಳು ಎಲ್ಲಿ ಬೀಳುತ್ತಾಳೆಂದು ನನಗೊಬ್ಬಳಿಗೇ ತೋರಿಸಿದೆಯಲ್ಲ ತಂದೆ ಎಂದುಕೊಂಡೆ. ಆಗ ಕೈ ಸಲೀಸಾಗಿ ಕೂಡಿದವು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಹತ್ತರ ಹೊತ್ತಿಗೆ ಅವರಿಬ್ಬರು ಬಂದರು. ಒಬ್ಬಾಕೆ ನನ್ನ ವಯಸ್ಸಿನ ಹೆಂಗಸು, ಇನ್ನೊಬ್ಬರು ತಲೆ ನರೆತ ಗಂಡಸು. ಇಬ್ಬರೂ ಹಾಲು ಬಿಟ್ಟವರೇ. ಎಣ್ಣೆ ನೋಡಿದರು, ಫ್ರಿಜ್ಜು ನೋಡಿದರು, ಫೋನಿನಲ್ಲಿ ಆರ್ಡರು ಮಾಡಿ ನೋಡಿದರು. ನಾನು ಹಿಂದಿನ ದಿನ ಕೇಳಿದ್ದನ್ನೇ ಹೆಚ್ಚುಕಡಿಮೆ ಅವರೂ ಕೇಳಿದರು. ಹೆಂಗಸು ಕೊನೆಗೆ ಹೇಳಿದರು:

"ನಿಮಗಿಂತ ಹತ್ತು ಪಟ್ಟು ದೊಡ್ಡವರು ನಾಳೆ ಇದೇ ಅಂಗಡಿ ತೆಗೀತಾರೆ ಅಂತಿಟ್ಕೊಳ್ಳಿ. ಆಗ ನಿಮ್ಮದು ಅಂತ ಏನು ಉಳಿಯುತ್ತೆ?"

ತಂಗಿ ಎರಡು ಬಟ್ಟಲಿನಲ್ಲಿ ಮೊಸರು ತಂದಿಟ್ಟಳು. ಚಮಚ ನಿಲ್ಲಿಸಿದರೆ ನಿಲ್ಲುವ ಹಾಗಿತ್ತು. ಹೆಂಗಸು ಬಟ್ಟಲು ಎತ್ತಿಕೊಂಡರು. ಗಂಡಸು ಮೂಸಿ ನೋಡಿ ಕೇಳಿದರು.

"ಇಷ್ಟು ಗಟ್ಟಿಯಾಗೋಕೆ ಏನು ಸೇರಿಸ್ತೀರಿ?"

"ಏನಿಲ್ಲ ಸಾರ್. ಶೇಂಗಾ, ನೀರು, ಅಷ್ಟೇ."

"ಎಲ್ಲರೂ ಅಷ್ಟೇ ಅಂತಾರೆ. ಲ್ಯಾಬಿಗೆ ಹಾಕಿದ್ರೆ ಬೇರೆ ಬರುತ್ತೆ."

ತಂಗಿಯ ಮುಖ ಕೆಂಪಾಯಿತು. ಅವಳಿಗೆ ಸಿಟ್ಟು ಬಂದರೆ ಮೊದಲಿನಿಂದಲೂ ಹಾಗೆ. ಎದ್ದು ಸೀದಾ ದೇವರ ಗೂಡಿನ ಹತ್ತಿರ ಹೋದಳು. "ನಮ್ಮ ಕಡೆ ದೀಪ ಮುಟ್ಟಿ ಸುಳ್ಳು ಹೇಳಲ್ಲ ಸಾರ್. ನೋಡ್ರಿ, ಮನೆದೇವ್ರಾಣೆಗೂ..." ಎನ್ನುತ್ತ ಕೈ ಚಾಚಿದಳು.

ನಾನು ಹೇಗೆ ಎದ್ದೆನೋ ಗೊತ್ತಿಲ್ಲ. ಅವಳ ಮಣಿಕಟ್ಟು ನನ್ನ ಕೈಯಲ್ಲಿತ್ತು. "ಮುಟ್ಟಬ್ಯಾಡ! ಆಣೆ ಇಡಬ್ಯಾಡ ಕಣೇ! ಎಮ್ಮೆ ಮೊಸರು ಹೆಪ್ಪು ಹಾಕಿದ್ದೀಯಾ."

ಅಂಗಡಿ ಉಳಿಸಲು ಹೇಳಿದೆನೆಂದರೆ ಅದು ಸುಳ್ಳು. ದೀಪ ಮುಟ್ಟಿ ಸುಳ್ಳಾಣೆ ಇಟ್ಟರೆ ಅವಳಿಗೆ ಏನಾಗುತ್ತದೋ ಎಂದು ಹೆದರಿದೆ. ಮುಚ್ಚಿಟ್ಟ ಪಾಪ ನನ್ನನ್ನೂ ಬಿಡುವುದಿಲ್ಲವೆಂದು ಅದಕ್ಕಿಂತ ಹೆಚ್ಚು ಹೆದರಿದೆ.

ಹೆಂಗಸು ಬಟ್ಟಲನ್ನು ಕೆಳಗಿಟ್ಟರು.

"ಹೆಪ್ಪಾ? ಒಂದು ಚಮಚ..." ತಂಗಿಯ ಮಾತು ಅರ್ಧಕ್ಕೇ ನಿಂತಿತು. ತಾನು ಹೇಳುತ್ತಿರುವುದೇನೆಂದು ಅವಳಿಗೇ ಹೊಳೆಯಿತು. ಬಳ್ಳಾರಿಗೆ ಹೋದ ಡಬ್ಬಿಗಳೆಲ್ಲ ಅವಳ ಕಣ್ಣ ಮುಂದೆ ಬಂದವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿದಳು. "ನಿನ್ನೆ ಹಾಕೋವಾಗ ಪಕ್ಕದಲ್ಲೇ ನಿಂತಿದ್ದೆ."

"ನಿಂತಿದ್ದೆ."

"ನೋಡಿದ್ಯಾ?"

"ನೋಡಿದೆ."

ಅವಳು ನನ್ನ ಕೈಯಿಂದ ಮಣಿಕಟ್ಟು ಬಿಡಿಸಿಕೊಂಡಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ನರೆತ ತಲೆಯವರು ನನ್ನನ್ನು ಕೇಳಿದರು. "ನಿಮಗೆ ಇದು ಹೇಗೆ ಗೊತ್ತು? ಹಾಗಾದ್ರೆ ನಿಮ್ಮ ತಾಯಿ ಹೇಗೆ ಮಾಡ್ತಿದ್ರು?" ಮೀಸಲಿನ ಮಾತು ಹೇಳಿದೆ, ಮೆಣಸಿನಕಾಯಿ ತೊಟ್ಟಿನ ಮಾತು ಹೇಳಿದೆ. ಆ ದಿನಗಳ ಹುಳಿ, ಪಲ್ಯ, ಪಾಯಸ ಎಲ್ಲ ಬಾಯಿಗೆ ಬಂದವು. ಹೆಂಗಸು ಬರೆದುಕೊಂಡರು. ನನ್ನ ಮಾತನ್ನು ಒಬ್ಬರು ಬರೆದುಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ಆ ಸುಖ ಅನುಭವಿಸಲು ತಂಗಿಯ ಕಡೆ ನೋಡದೆ ಇರಬೇಕಾಗಿತ್ತು.

"ಇವತ್ತು ನಾವು ಏನೂ ಹೇಳೋಕಾಗಲ್ಲ," ಎಂದರು ಹೊರಡುವಾಗ. "ತೊಟ್ಟು ಹಾಕಿ ಮಾಡಿದ ಮೊಸರು ದಿನಾ ಒಂದೇ ಥರ ಹೆಪ್ಪಾದ್ರೆ ತಿಳಿಸಿ. ಮತ್ತೆ ಬಂದು ನೋಡ್ತೀವಿ."

ಕಾರು ಹೋದ ಮೇಲೆ ತಂಗಿ ಫ್ರಿಜ್ಜಿನಲ್ಲಿದ್ದ ಡಬ್ಬಿಗಳನ್ನೆಲ್ಲ ತೆಗೆದು ಎಮ್ಮೆಯ ಕಲಗಚ್ಚಿಗೆ ಸುರಿದಳು. ಕೈ ತೊಳೆದುಕೊಂಡು, ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಬರೆಯತೊಡಗಿದಳು. ನಾನು ದೂರದಲ್ಲೇ ನಿಂತಿದ್ದೆ. ತಲೆ ಎತ್ತದೆ, "ಓದ್ತೀನಿ, ಕೇಳು," ಎಂದಳು.

"ಇಲ್ಲೀ ತನಕ ನಾವು ಕಳಿಸಿದ ಮೊಸರಿಗೆಲ್ಲ ಎಮ್ಮೆ ಮೊಸರಿನ ಹೆಪ್ಪು ಹಾಕಿದ್ವಿ. ಗೊತ್ತಿಲ್ಲದೆ ಆಗಿದ್ದು, ಆದ್ರೂ ತಪ್ಪೇ. ತಗೊಂಡಿರೋರು ತಿನ್ನಬ್ಯಾಡ್ರಿ. ಎಲ್ರೂ ಕ್ಷಮಿಸ್ರಿ. ಸಾಕಾ?"

"ಗಿರಾಕಿ ಎಲ್ಲ ಹೋಗ್ತಾರೆ ಕಣೇ."

"ಹೋಗ್ಲಿ. ಬೆಂಗಳೂರಿನ ಆ ಅಮ್ಮನ ಹಂಗೆ ಗೊತ್ತಿಲ್ದೆ ಎಷ್ಟು ಜನ ಬಟ್ಟಲು ಎತ್ಕೊಂಡಿದ್ರೋ."

"ನಿನ್ನೆಯದು ನಂದೂ ತಪ್ಪು ಅಂತ ಹಾಕು," ಎಂದೆ.

ಆಗ ತಲೆ ಎತ್ತಿದಳು. "ತಪ್ಪಲ್ಲೂ ಪಾಲು ಕೇಳೋಕೆ ಬಂದ್ಯಾ? ಕೊಡಲ್ಲ ಹೋಗು. ಅಂಗಡಿ ನಂದು," ಎಂದವಳೇ ಬೆರಳು ಒತ್ತಿದಳು. ಅದು ಎಲ್ಲರಿಗೂ ಹೋಯಿತು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಫೋನು ಹೊಡೆದುಕೊಳ್ಳತೊಡಗಿತು. ಮೊದಲ ಕರೆಯಲ್ಲಿ ಯಾರೋ ತೆಲುಗಿನಲ್ಲಿ ಜೋರುಜೋರಾಗಿ ಬಯ್ಯುತ್ತಿದ್ದರು. ತಂಗಿ ತೆಲುಗಿನಲ್ಲೇ, "ಅವುನಮ್ಮಾ, ತಪ್ಪು ನಾದೇ," ಎಂದಳು. ಮುಂದಿನದನ್ನೂ ಎತ್ತಿಕೊಂಡಳು. ಅದರ ಮುಂದಿನದನ್ನೂ. ತಂಗಿಯ ಮುಂದೆ ಒಂದು ರಾತ್ರಿಯಿಡೀ ಬಾಯಿ ಬಿಡದ ನಾನು, ಅವಳು ಕಂಡರಿಯದವರಿಗೆಲ್ಲ ಹಾಗೆ ನೆಟ್ಟಗೆ ಕೂತು ತಪ್ಪು ತನ್ನದೇ ಎಂದು ಹೇಳುವುದನ್ನು ನೋಡುತ್ತ ನಿಂತೆ. ಓದು, ಅಂಗಡಿ, ಹುಡುಕಿಕೊಂಡು ಬರುವ ಜನ, ಯಾವುದಕ್ಕೂ ಅವಳ ಮೇಲೆ ಅಷ್ಟು ಹೊಟ್ಟೆಕಿಚ್ಚು ಪಟ್ಟಿರಲಿಲ್ಲ.

ಐದನೆಯದೋ ಆರನೆಯದೋ ಕರೆಯ ನಡುವೆ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, "ಸುಮ್ನೆ ಯಾಕೆ ನಿಂತಿದ್ದೀಯಾ? ಎಷ್ಟು ಹಾಲಿಗೆ ಎಷ್ಟು ತೊಟ್ಟು?" ಎಂದಳು.

"ಪಾವು ಹಾಲಿಗೆ ಐದಾರು," ಎಂದೆ. ಒಳಗೆ ಹೋಗಿ ಮೆಣಸಿನಕಾಯಿಯ ಬುಟ್ಟಿ ತಂದು ಅವಳ ಕೆಳಗಿನ ಮೆಟ್ಟಿಲಲ್ಲಿ ಕೂತು ತೊಟ್ಟು ಮುರಿಯತೊಡಗಿದೆ.