ಚಿನ್ನಿಯ ಕೋಣೆಯಿಂದ ಬಂದ ದನಿ

ಇದನ್ನು ನಂಬಿ ಎಂದು ನಾನು ಯಾರನ್ನೂ ಬೇಡುವುದಿಲ್ಲ. ನನ್ನ ಗಂಡನೇ ಅರ್ಧ ನಂಬಿದ್ದಾರೆ. ಆದರೆ ಆ ರಾತ್ರಿ ಬ್ಯಾರನ್ ಮುಂದೆ ಫೋನ್ ಕಿವಿಗಿಟ್ಟುಕೊಂಡು ನಿಂತಿದ್ದವಳು ನಾನು. ಕೇಳಿಸಿಕೊಂಡದ್ದು ನನ್ನ ಕಿವಿ. ಒಂದು ಮಾತನ್ನೂ ಸೇರಿಸದೆ ಹೇಳುತ್ತೇನೆ...

ರಾಮನಾಥಪುರದ ಹತ್ತಿರ, ಹೊಳೆಯ ಕಡೆಗೆ ಇಳಿಯುವ ತಗ್ಗಿನಲ್ಲಿ ನಮ್ಮ ಮನೆ. ಊರಿನಿಂದ ಹೊರಗೆ, ಹೊಲದ ಮಧ್ಯೆ. ಮೊಬೈಲ್ ಸಿಗ್ನಲ್ ಬೇಕೆಂದರೆ ಏರು ಹತ್ತಿ ಟಾರ್ ರಸ್ತೆಗೇ ಹೋಗಬೇಕು. ಅದಕ್ಕೇ ಮನೆಗೆ ಇಂಟರ್ನೆಟ್ ಹಾಕಿಸಿ, ಮೆಶ್ ವೈಫೈ ಎಂಬ ಮೂರು ಬಿಳಿ ಡಬ್ಬಿ ತಂದಿದ್ದೆವು. ಒಂದು ಹಜಾರದಲ್ಲಿ, ಒಂದು ಪಂಪ್‌ಹೌಸಿನಲ್ಲಿ, ಮತ್ತೊಂದು ಹೊಲದ ಆ ತುದಿಯ ಬ್ಯಾರನ್ನಿನಲ್ಲಿ. ಒಂದು ಡಬ್ಬಿ ಇನ್ನೊಂದಕ್ಕೆ ನೆಟ್ ದಾಟಿಸುತ್ತದೆ. ನಾವು ಫೋನ್ ಮಾಡುವುದೂ ಅದರಲ್ಲೇ.

ಬ್ಯಾರನ್ ಎಂದರೆ ಹೊಗೆಸೊಪ್ಪು ಹದ ಮಾಡುವ ಎತ್ತರದ ಕೋಣೆ. ಹಸಿ ಎಲೆಯನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಹಾಕುತ್ತಾ ಹಗಲು ರಾತ್ರಿ ಕಾಯಬೇಕು. ಬಿಸಿ ಇಳಿದರೆ ಎಲೆ ಕೆಡುತ್ತದೆ. ಏರಿದರೆ ಸುಟ್ಟುಹೋಗುತ್ತದೆ. ಬಿಸಿ ಎಷ್ಟಿದೆ ಎಂದು ಫೋನಿನಲ್ಲೇ ಕಾಣುವಂತೆ ನನ್ನ ಗಂಡ ಅಲ್ಲೊಂದು ಯಂತ್ರ ಕೂರಿಸಿದ್ದರು. ಹಾಗೆಯೇ ಮನೆಯಲ್ಲಿ, ಮಗಳು ಚಿನ್ನಿ ಮಲಗುವ ಕೋಣೆಯಲ್ಲಿ ಒಂದು ಕ್ಯಾಮೆರಾ. ಅದರಲ್ಲಿ ಮಾತೂ ಕೇಳಿಸುತ್ತದೆ, ಫೋನಿನಿಂದ ನಾವು ಮಾತಾಡಲೂಬಹುದು. ಚಿನ್ನಿಗೆ ಆಗ ನಾಲ್ಕು ವರ್ಷ.

ಗೌರಿ ಹಬ್ಬ ಕಳೆದು ಕೆಲವು ದಿನವಾಗಿತ್ತು. ಮಧ್ಯಾಹ್ನ ಮಾವನವರಿಗೆ ಎದೆ ಹಿಡಿದುಕೊಂಡಿತು. ನನ್ನ ಗಂಡ, ಅತ್ತೆ ಇಬ್ಬರೂ ಅವರನ್ನು ಕಾರಿನಲ್ಲಿ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಒಲೆ ಕಾಯುವ ಸಣ್ಣಯ್ಯ ಯಾರದೋ ಸಾವಿಗೆಂದು ಹೊಳೆನರಸೀಪುರದ ಕಡೆ ಹೋಗಿದ್ದ. ಉಳಿದದ್ದು ನಾನು, ಜ್ವರದಲ್ಲಿ ಮಲಗಿದ್ದ ಚಿನ್ನಿ, ಉರಿಯುತ್ತಿದ್ದ ಬ್ಯಾರನ್.

ಕತ್ತಲಾಗುವ ಹೊತ್ತಿಗೆ ಗಂಡನ ಫೋನ್ ಬಂತು.

"ಅಪ್ಪಂಗೆ ಬ್ಲಾಕ್ ಅದಂತೆ ಕಣೆ. ನಾವ್ ಬರಾದು ಬೆಳಿಗ್ಗೆನೇ. ಮಗೀಗೆ ಎಂಗದೆ?"

"ಮೈ ಸುಡ್ತಾ ಅದೆ ರೀ. ಸಿರಪ್ ಕುಡ್ಸಿವ್ನಿ."

"ಒಲೆ ಮಾತ್ರ ಬುಡ್ಬ್ಯಾಡ. ಇವತ್ತೊಂದ್ ರಾತ್ರಿ ತಾನೆ. ಫೋನಲ್ಲಿ ನೋಡ್ಕಂಡು ಬಿಸಿ ಇಳುದ್ರೆ ಓಗಿ ಎಲ್ಡು ಸೌದೆ..."

ಮಾತು ಅಲ್ಲಿಗೇ ಕತ್ತರಿಸಿತು. ಫೋನಿನ ಮೇಲೆ ಒಂದು ಸಾಲು ಬಂತು. ವೈಫೈ ಡಬ್ಬಿಗಳನ್ನು ನಡೆಸುವ ಫರ್ಮ್‌ವೇರ್ ಅಪ್‌ಡೇಟ್ ಆಗುತ್ತಿದೆ, ಸ್ವಲ್ಪ ಕಾಯಿರಿ ಎಂದು. ನಾನು ಏನನ್ನೂ ಒತ್ತಿರಲಿಲ್ಲ. ತಾನಾಗಿಯೇ ಶುರುವಾಗಿತ್ತು.

ಕಾದೆ. ಹಜಾರದ ಡಬ್ಬಿಯ ದೀಪ ನೀಲಿಯಾಯಿತು. ಬ್ಯಾರನ್ನಿನ ಬಿಸಿ ತೋರಿಸುವ ಕಡೆ ಬರೀ ಒಂದು ಗೆರೆ. ಪಂಪ್‌ಹೌಸ್, ಬ್ಯಾರನ್ ಎರಡೂ ಕಾಣುತ್ತಿಲ್ಲ. ಕಂಪನಿಯ ಸಹಾಯದ ನಂಬರಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಎತ್ತಿದಳು.

"ಅಪ್‌ಡೇಟ್ ಆದ್ಮೇಲೆ ಕೆಲವರಿಗೆ ಹೀಗಾಗ್ತಿದೆ ಮೇಡಂ. ಉಳಿದೆರಡು ಡಬ್ಬಿಗಳ ಹತ್ರ ಹೋಗಿ ರೀಸೆಟ್ ಒತ್ತಬೇಕು."

"ನಾನೊಬ್ಳೇ ಇದೀನಿ ಕಣಮ್ಮ. ಮಗೀಗೆ ಜ್ವರ. ಇಲ್ಲಿಂದ್ಲೇ ಏನೂ ಮಾಡಕ್ಕಾಗಲ್ವಾ?"

"ಇಲ್ಲ ಮೇಡಂ, ಹೋಗಲೇಬೇಕು..." ಎನ್ನುತ್ತಿದ್ದಂತೆ ಹಜಾರದ ಡಬ್ಬಿಯೂ ಕೆಂಪಾಯಿತು.

ಪ್ಲಗ್ ಕಿತ್ತು ಹಾಕಿದೆ. ನೀಲಿ. ಮತ್ತೆ ಕೆಂಪು. ಮತ್ತೆ ಕಿತ್ತೆ... ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಮಾವ ಬದುಕಿದ್ದಾರೋ ಇಲ್ಲವೋ ಕೇಳುವಂತಿಲ್ಲ. ಮಗುವಿಗೆ ಹೆಚ್ಚುಕಡಿಮೆಯಾದರೆ ಯಾರನ್ನೂ ಕರೆಯುವಂತಿಲ್ಲ. ಹೊರಗೆ ಜಿಟಿಜಿಟಿ ಮಳೆ. ಅವಳನ್ನು ಎತ್ತಿಕೊಂಡು ಹೋಗೋಣವೆಂದರೆ ಮಳೆ, ಅದರ ಮೇಲೆ ಒಲೆಯ ಹೊಗೆ, ಮೊದಲೇ ಉಬ್ಬಸದ ಮಗು.

ಆ ಹುಡುಗಿ ಹೇಳಿದಂತೆ ಎರಡೂ ಡಬ್ಬಿಗಳ ರೀಸೆಟ್ ಒತ್ತದೆ ಬೇರೆ ದಾರಿ ಕಾಣಲಿಲ್ಲ. ಬ್ಯಾರನ್ ಹತ್ತಿರ ಹೋಗಿ ಬರುತ್ತೇನೆ ಎಂದೆ, ಅರೆನಿದ್ದೆಯಲ್ಲಿದ್ದ ಚಿನ್ನಿ ಹೂಂ ಎಂದು ಮತ್ತೆ ನಿದ್ದೆ ಹೋದಳು. ಎದ್ದು ಹೊರಗೆ ಬಂದು ಹೊಳೆಯ ಕಡೆ ನಡೆದುಬಿಟ್ಟರೆ ಎಂಬ ಹೆದರಿಕೆಗೆ ಹೊರಗಿನಿಂದ ಬೀಗ ಹಾಕಿ, ಟಾರ್ಚ್ ಹಿಡಿದು ಓಡಿದೆ.

ಪಂಪ್‌ಹೌಸಿನಲ್ಲಿ ಡಬ್ಬಿಯ ಬೆನ್ನಿನ ತೂತಿಗೆ ಸೆರಗಿನ ಪಿನ್ನು ಚುಚ್ಚಿ ಹಿಡಿದೆ. ಸ್ವಲ್ಪ ಹೊತ್ತಿಗೆ ದೀಪ ನೀಲಿಯಾಗಿ ನಿಂತಿತು. ಬ್ಯಾರನ್ ತಲುಪಿ ಅಲ್ಲಿಯದಕ್ಕೂ ಹಾಗೇ ಮಾಡಿದೆ. ಅದೂ ನೀಲಿ. ಅಳುವೇ ಬಂತು ನನಗೆ.

ಒಲೆ ಕುಗ್ಗಿತ್ತು. ಬಾಗಿಲು ತೆರೆದು ಎರಡು ದಪ್ಪ ಸೌದೆ ನೂಕಿದೆ. ಹೊಗೆಸೊಪ್ಪಿನ ಆ ಸಿಹಿ ಕಮಟು ವಾಸನೆ ಗಂಟಲಿಗಿಳಿಯಿತು. ಅಷ್ಟರಲ್ಲಿ ಫೋನ್ ಗುಂಯ್ ಎಂದಿತು. ಚಿನ್ನಿಯ ಕೋಣೆಯ ಕ್ಯಾಮೆರಾ ಸಿಕ್ಕಿದೆ ಎಂದು ಬಂದಿತ್ತು.

ತೆರೆದೆ. ಚಿತ್ರ ಬರಲಿಲ್ಲ, ಬರೀ ಕಪ್ಪು. ಆದರೆ ಶಬ್ದ ಬಂತು. ಫ್ಯಾನಿನ ಸದ್ದು... ಚಿನ್ನಿಯ ಕೆಮ್ಮು... ಆಮೇಲೆ ಒಂದು ಹೆಂಗಸಿನ ದನಿ.

"ಸುಮ್ಕಿರು ಕಣವ್ವಾ. ಈಗ ಓಯ್ತದೆ ಕೆಮ್ಮು."

ನನ್ನ ದನಿ ಅದು. ಸಂಜೆ ನಾನೇ ಆಡಿದ ಮಾತು. ಎಲ್ಲೋ ಸಿಕ್ಕಿಕೊಂಡಿದ್ದ ಶಬ್ದ ನೆಟ್ ಬಂದ ಮೇಲೆ ತಡವಾಗಿ ಬರುತ್ತಿದೆ, ಅಷ್ಟೇ ಅಂದುಕೊಂಡೆ.

ಚಿನ್ನಿ ಕೇಳಿದಳು, "ಅಮ್ಮಾ, ನೀನು ಬ್ಯಾರನ್ ತಾವ ಓಗ್ಲಿಲ್ವಾ?"

"ನಾನ್ಯಾಕ್ ಓಗ್ಲಿ?" ಎಂದಿತು ನನ್ನ ದನಿ. "ಅಲ್ಲಿಗ್ ಓದೋಳು ಬ್ಯಾರೆ ಕಣವ್ವಾ. ಅವ್ಳು ಬರಕಿಲ್ಲ."

ಒಲೆಯ ಕಾವು ಮುಖಕ್ಕೆ ಬಡಿಯುತ್ತಿತ್ತು. ನನ್ನ ಬೆನ್ನು ತಣ್ಣಗಾಗಿತ್ತು. ಆ ಮಾತನ್ನು ನಾನು ಆಡಿಲ್ಲ... ಆ ದಿನವಷ್ಟೇ ಅಲ್ಲ, ಯಾವತ್ತೂ ಆಡಿಲ್ಲ.

ಫೋನಿನಲ್ಲಿ ಮಾತಾಡುವ ಗುರುತನ್ನು ಒತ್ತಿ ಕೂಗಿದೆ. "ಚಿನ್ನೀ, ಅಮ್ಮ ಕಣೇ ನಾನು. ಬಂದೆ ಇರು."

ಆ ಕಡೆ ಫ್ಯಾನು ಮಾತ್ರ. ಆಮೇಲೆ ಮಗು ಪಿಸುಗುಟ್ಟಿತು.

"ಅಮ್ಮಾ... ಯಾರೋ ಕರೀತಾವ್ರೆ."

"ಮಾತಾಡ್ಬ್ಯಾಡ," ಎಂದಿತು ನನ್ನ ದನಿ, ಅಷ್ಟೇ ಮೆಲ್ಲಗೆ. "ಸುಮ್ಕಿದ್ರೆ ಓಯ್ತಾಳೆ."

ಒಲೆಯ ಬಾಗಿಲು ಮುಚ್ಚಿದೆನೋ ಇಲ್ಲವೋ ಗೊತ್ತಿಲ್ಲ. ಓಡಿದೆ. ಬದುವಿನ ಮೇಲೆ ಜಾರಿ ಬಿದ್ದೆ, ಟಾರ್ಚ್ ಎಲ್ಲೋ ಹೋಯಿತು, ಎದ್ದು ಕತ್ತಲಲ್ಲೇ ಓಡಿದೆ. ಬಾಗಿಲಲ್ಲಿ ನಾನು ಹಾಕಿದ ಬೀಗ ಹಾಗೇ ಇತ್ತು. ಕೀಲಿ ತೂತಿಗೆ ಸೇರುತ್ತಿಲ್ಲ. ಒಳಗಿನಿಂದ ಯಾರೋ ಜೋಗುಳದಂತೆ ಗುನುಗುವ ಸದ್ದು... ಬೀಗ ಕಳಚಿದ ಕ್ಷಣ ಅದು ನಿಂತಿತು.

ಕೋಣೆಯಲ್ಲಿ ಚಿನ್ನಿ ಒಬ್ಬಳೇ ಮಲಗಿದ್ದಳು. ಹಣೆ ಮುಟ್ಟಿದೆ. ಜ್ವರ ಬಿಟ್ಟು ಮೈಯೆಲ್ಲ ಬೆವೆತಿತ್ತು. ಅವಳನ್ನು ಎತ್ತಿಕೊಳ್ಳಲು ಬಗ್ಗಿ ಹಾಸಿಗೆಗೆ ಕೈ ಊರಿದೆ. ಅವಳ ಪಕ್ಕದ ಜಾಗ ತಗ್ಗಾಗಿತ್ತು. ಬೆಚ್ಚಗಿತ್ತು. ಆಗಷ್ಟೇ ಯಾರೋ ಎದ್ದು ಹೋದ ಹಾಗೆ.

ಮನೆಯ ಒಂದೊಂದು ಮೂಲೆ ನೋಡಿದೆ. ಅಡುಗೆಮನೆ, ದೇವರಮನೆ, ಬಚ್ಚಲು. ಯಾರೂ ಇಲ್ಲ. ಹಿಂದಿನ ಬಾಗಿಲ ಚಿಲಕ ಒಳಗಿನಿಂದ ಹಾಕಿದ್ದು ಹಾಕಿದಂತೆಯೇ ಇತ್ತು. ಗಂಡನಿಗೆ ಫೋನ್ ಮಾಡೋಣವೆಂದರೆ ಹಜಾರದ ಡಬ್ಬಿ ಮತ್ತೆ ಕೆಂಪಾಗಿತ್ತು. ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಹಜಾರದ ದೀಪದ ಕೆಳಗೆ ಗೋಡೆಗೆ ಒರಗಿ ಕೂತೆ. ಬ್ಯಾರನ್ ನೆನಪಾಯಿತು. ಬೆಂಕಿ ಏರುತ್ತಿದೆ, ಎಲೆ ಹೋಗುತ್ತದೆ ಎಂದು ಗೊತ್ತಿತ್ತು. ಏಳಲಿಲ್ಲ. ಅವಳನ್ನು ಮತ್ತೆ ಆ ಮನೆಯಲ್ಲಿ ಬಿಟ್ಟು ಹೋಗುವ ಧೈರ್ಯ ನನಗಿರಲಿಲ್ಲ.

ಬೆಳಿಗ್ಗೆ ಗಂಡ ಒಬ್ಬರೇ ಬಂದರು. ಮಾವನವರು ಬದುಕಿ ಉಳಿದಿದ್ದರು, ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಬ್ಯಾರನ್ನಿನ ಎಲೆ ಮಾತ್ರ ಮೇಲಿಂದ ಕೆಳಗಿನವರೆಗೂ ಕಪ್ಪಾಗಿ ಹೋಗಿತ್ತು. ಗಂಡ ಸುಟ್ಟ ಎಲೆಯೊಂದನ್ನು ಕೈಯಲ್ಲಿ ಪುಡಿ ಮಾಡುತ್ತಾ ನಾನು ಹೇಳಿದ್ದನ್ನೆಲ್ಲ ಕೇಳಿದರು. ಬೈಯಲಿಲ್ಲ.

"ನಿದ್ದೆ ಇಲ್ಲ, ಭಯ ಬ್ಯಾರೆ. ಅಂಗ್ ಕೇಳ್ಸಿರ್ತದೆ ಕಣೆ," ಎಂದರು.

ಅರಕಲಗೂಡಿನಿಂದ ರಿಪೇರಿಯವನು ಬಂದು ಮೂರೂ ಡಬ್ಬಿಗಳನ್ನು ಮತ್ತೆ ಜೋಡಿಸಿದ. "ಅಪ್‌ಡೇಟ್ ಆದ್ಮೇಲೆ ಏನೇನೋ ಆಗ್ತವೆ ಅಕ್ಕಾ. ಹಳೇ ಮಾತು ತಡವಾಗಿ ಬಂದಿರ್ಬೋದು," ಎಂದ. ಆಡದೇ ಇದ್ದ ಮಾತು ತಡವಾಗಿ ಹೇಗೆ ಬರುತ್ತದಪ್ಪ ಎಂದು ಕೇಳಿದೆ. ಅವನು ನನ್ನ ಗಂಡನ ಮುಖ ನೋಡಿದ. ಕ್ಯಾಮೆರಾವನ್ನು ಅವತ್ತೇ ಕಿತ್ತು ಹಾಕಿಸಿದೆ.

ಈಗ ವೈಫೈ ಚೆನ್ನಾಗಿದೆ. ಮೂರೂ ಡಬ್ಬಿಗಳಲ್ಲಿ ನೀಲಿ ದೀಪ. ಮಾವ ನಿಧಾನಕ್ಕೆ ಓಡಾಡುತ್ತಾರೆ. ಚಿನ್ನಿ ಶಾಲೆಗೆ ಹೋಗುತ್ತಾಳೆ, ಆಡುತ್ತಾಳೆ, ನನ್ನನ್ನೂ ಹಚ್ಚಿಕೊಂಡಿದ್ದಾಳೆ.

ಆದರೆ ಒಮ್ಮೊಮ್ಮೆ, ಸಂಜೆ ಹೊಲದ ಕಡೆಯಿಂದ ಬಂದು ಅವಳನ್ನು ಕರೆದಾಗ, ಓಡಿ ಬರುತ್ತಿದ್ದವಳು ನಡುಮನೆಯಲ್ಲೇ ನಿಂತುಬಿಡುತ್ತಾಳೆ. ನನ್ನ ಮುಖವನ್ನೇ ನೋಡುತ್ತಾಳೆ. ಹೆದರಿಕೆಯೇನಿಲ್ಲ, ಸುಮ್ಮನೆ ಕೇಳುತ್ತಾಳೆ.

"ನೀನು ಓದೋಳಾ, ಇದ್ದೋಳಾ?"

ನಿಮ್ಮಮ್ಮ ಕಣೆ ಎಂದರೆ ಅಲ್ಲೇ ನಿಂತಿರುತ್ತಾಳೆ. ಹೋದವಳು ಎಂದು ಒಮ್ಮೆ ನಿಜ ಹೇಳಿದ್ದೆ. ಅವತ್ತು ರಾತ್ರಿ ಮಲಗುವವರೆಗೂ ನನ್ನ ಹತ್ತಿರ ಸುಳಿಯಲಿಲ್ಲ.

ಹಾಗಾಗಿ ಈಗ ಕೈ ಚಾಚಿ, "ಇದ್ದೋಳು ಕಣವ್ವಾ," ಎನ್ನುತ್ತೇನೆ. ನಗುತ್ತಾ ಓಡಿಬಂದು ಕುತ್ತಿಗೆ ತಬ್ಬಿಕೊಳ್ಳುತ್ತಾಳೆ.